ಬಂಬಲ್ ದುಂಬಿಗಳಿಗಾಗಿ ಹಸಿರು ತಾರಸಿ: ಕಾಡುಹೂಗಳ ಆಯ್ಕೆ ಹೇಗೆ?

ಟೊಮೇಟೊ ಹೂವಿನಲ್ಲಿ ಮಕರಂದವಿಲ್ಲ. ಅದರ ಪರಾಗವೂ ಸುಲಭವಾಗಿ ದೊರೆಯುವಂತಹುದಲ್ಲ. ಕೇಸರಗಳೆಲ್ಲ ಕೂಡಿ ಒಂದು ಕೊಳವೆಯಂತಾಗಿದ್ದು, ಪರಾಗವು ಅದರೊಳಗೆ ಅಡಗಿರುತ್ತದೆ. ಬಯಲಿನ ಬೆಳೆಯಲ್ಲಿ ಗಾಳಿಯ ಅಲುಗಾಟಕ್ಕೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಗಾಳಿಯಾಡದ ಗಾಜಿನ ಮನೆಯಲ್ಲಿ ಹೀಗಾಗುವುದಿಲ್ಲ. ಆದ್ದರಿಂದ ಯೂರೋಪಿನ ಗಾಜಿನ ಮನೆಗಳಲ್ಲಿ ಹಿಂದೆ ಆಳುಗಳು ವಿದ್ಯುತ್ತಿನಿಂದ ನಡೆಯುವ ಕಂಪಕವನ್ನು ಹಿಡಿದು, ವಾರಕ್ಕೆ ಎರಡು ಮೂರು ಬಾರಿ ಸಾಲುಸಾಲಾಗಿ ಹೂಗೊಂಚಲುಗಳನ್ನು ಅಲುಗಿಸುತ್ತ ಹೋಗಬೇಕಾಗಿತ್ತು. 1987ರ ಸುಮಾರಿಗೆ ಬೆಲ್ಜಿಯಂ ದೇಶದಲ್ಲಿ ಈ ಕೆಲಸಕ್ಕಾಗಿ ಬಂಬಲ್ ದುಂಬಿಗಳನ್ನು ಪೆಟ್ಟಿಗೆಗಳಲ್ಲಿ ಸಾಕಿ ಮಾರುವುದು ಪ್ರಾರಂಭವಾಯಿತು. ಈ ದುಂಬಿ ಹೂವನ್ನು ದವಡೆಯಿಂದ ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ ಕೇವಲ ಎದೆಯ ಸ್ನಾಯುಗಳನ್ನು ನಡುಗಿಸುತ್ತದೆ. ಝೇಂಕಾರದೊಡನೆ ಪರಾಗವು ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಜೇನುನೊಣಕ್ಕೆ ಈ ವಿದ್ಯೆ ತಿಳಿಯದು.

ಹೀಗೆ ಗಾಜಿನ ಮನೆಯಲ್ಲಿ ಹಣ ಕೊಟ್ಟು ಕೊಳ್ಳುವ ಈ ಕೀಟವು ಹೊರಗಿನ ಬಯಲಿನಲ್ಲಿ ಮಾತ್ರ ಕಡಿಮೆಯಾಗುತ್ತ ಬಂದಿದೆ. ಅದಕ್ಕೆ ಮೇವಾಗುವ ಹೂಗಳನ್ನು ಕಟ್ಟಡಗಳ ತಾರಸಿಯ ಮೇಲೆ ಬೆಳೆಸುವ ಪ್ರಯತ್ನ ಬ್ರಿಟನ್, ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳಲ್ಲಿ ನಡೆದಿದೆ. ಎಂತಹ ಹೂ ಆರಿಸಿದರೆ ದುಂಬಿ ಬರುತ್ತದೆ, ಎಂತಹುದಕ್ಕೆ ಬರುವುದಿಲ್ಲ ಎಂಬ ವಿಚಾರವನ್ನು ಇಲ್ಲಿ ವಿವರಿಸಲಾಗಿದೆ.

ಬಂಬಲ್ ದುಂಬಿ ಎಂದರೆ ಯಾವುದು?

ನಮ್ಮಲ್ಲಿ ಒಣಮರ, ಬಿದಿರುಗಳನ್ನು ಕೊರೆದು ಗೂಡು ಮಾಡುವ ದಪ್ಪ ಕರಿದುಂಬಿ ಎಲ್ಲರಿಗೂ ಪರಿಚಿತ. ಬಂಬಲ್ ದುಂಬಿ ಅದಲ್ಲ. ಇದರ ಮೈತುಂಬ ದಟ್ಟವಾದ ರೋಮವಿದ್ದು, ಕಪ್ಪು, ಹಳದಿ, ಬಿಳಿ ಅಥವಾ ಕೆಂಪು ಪಟ್ಟೆಗಳಿರುತ್ತವೆ. ಇದು ಚಳಿನಾಡಿನ ಕೀಟ. ಭಾರತದಲ್ಲಿ ಹಿಮಾಲಯದ ತಪ್ಪಲು ಮತ್ತು ಎತ್ತರದ ಪ್ರದೇಶಗಳಲ್ಲಿದೆ, ಕರ್ನಾಟಕದಲ್ಲಿಲ್ಲ. ಜೇನುನೊಣ ಗೂಡಿನಿಂದ ಹೊರಡಲು ಹಿಂಜರಿಯುವಂತಹ ತಂಪು ಹವೆಯಲ್ಲಿಯೂ ಇದು ಮೈ ನಡುಗಿಸಿ ಕಾವು ಪಡೆದು ಹೊರಗೆ ಹಾರುತ್ತದೆ.

ಇದರ ಸಂಸಾರ ಒಂದೇ ವರ್ಷದ್ದು. ಚಳಿಗಾಲವನ್ನು ನೆಲದೊಳಗೆ ನಿದ್ರಿಸಿ ಕಳೆದ ರಾಣಿಯು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಒಂಟಿಯಾಗಿ ಎದ್ದು ಬಂದು, ಇಲಿ ಬಿಟ್ಟುಹೋದ ಬಿಲವನ್ನೋ ಹುಲ್ಲಿನ ಬುಡವನ್ನೋ ಹುಡುಕಿ ಗೂಡು ಹೂಡುತ್ತದೆ. ಬೇಸಿಗೆಯಲ್ಲಿ ಕೆಲಸಗಾರ ದುಂಬಿಗಳ ಸಂಖ್ಯೆ ಹಲವು ಹತ್ತರಿಂದ ಕೆಲವು ನೂರರವರೆಗೆ ಏರುತ್ತದೆ. ಬೇಸಿಗೆಯ ಕೊನೆಗೆ ಹೊಸ ರಾಣಿಗಳೂ ಗಂಡುಗಳೂ ಹುಟ್ಟುತ್ತವೆ. ಅನಂತರ ಹೊಸ ರಾಣಿಗಳ ಹೊರತು ಉಳಿದೆಲ್ಲವೂ ಸಾಯುತ್ತವೆ. ಜೇನುಗೂಡಿನಲ್ಲಿರುವಂತೆ ಇಲ್ಲಿ ತುಪ್ಪದ ದೊಡ್ಡ ದಾಸ್ತಾನು ಇರುವುದಿಲ್ಲ. ಗೂಡಿನಲ್ಲಿರುವುದು ಕೆಲವೇ ದಿನಗಳ ಆಹಾರ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಹೇಳುವ ಹೂವಿನ ಆಯ್ಕೆಯೆಲ್ಲ ಇದರ ಮೇಲೆಯೇ ನಿಂತಿದೆ. ನಡುವೆ ಎರಡು ವಾರ ಹೂವಿಲ್ಲದೆ ಹೋದರೆ ಜೇನು ಹೇಗೋ ತಡೆದುಕೊಂಡೀತು. ಬಂಬಲ್ ದುಂಬಿಯ ಸಂಸಾರ ತಡೆದುಕೊಳ್ಳಲಾರದು.

ಹೂವಿನ ಹುಲ್ಲುಗಾವಲು ಹೋದ ಬಗೆ

1930ರ ದಶಕದಿಂದ 1980ರ ದಶಕದ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ಕಾಡುಹೂ ತುಂಬಿದ ಹುಲ್ಲುಗಾವಲುಗಳಲ್ಲಿ ಶೇಕಡ 97ರಷ್ಟು ನಾಶವಾದವೆಂದು ಲೆಕ್ಕ ಹಾಕಲಾಗಿದೆ. ಉತ್ತು ಬೆಳೆ ಇಟ್ಟದ್ದು, ರಾಸಾಯನಿಕ ಗೊಬ್ಬರ ಹಾಕಿ ಹುಲ್ಲನ್ನೇ ಹೆಚ್ಚಿಸಿದ್ದು, ಒಣಹುಲ್ಲಿನ ಬದಲು ಹೂ ಬಿಡುವ ಮೊದಲೇ ಕೊಯ್ದು ರಸಮೇವು ಮಾಡತೊಡಗಿದ್ದು ಇದಕ್ಕೆ ಕಾರಣ. ಕುದುರೆಗಳ ಮೇವಿಗೆ ಬೆಳೆಯುತ್ತಿದ್ದ ಕೆಂಪು ಕ್ಲೋವರ್ ಸಹ ಟ್ರಾಕ್ಟರು ಬಂದಮೇಲೆ ಕಡಿಮೆಯಾಯಿತು. ಇದು ನಮ್ಮ ಉತ್ತರ ಭಾರತದ ಬರ್ಸೀಮ್ ಮೇವಿನ ಬಳಗದ ಸಸ್ಯ. ಪರಿಣಾಮವಾಗಿ ಎರಡು ಜಾತಿಯ ಬಂಬಲ್ ದುಂಬಿಗಳು ಬ್ರಿಟನ್ನಿನಿಂದ ಕಣ್ಮರೆಯಾದವು. ಈಗ ಅಲ್ಲಿ 24 ಜಾತಿಗಳಿವೆ.

ಕಣ್ಮರೆಯಾದವುಗಳ ಪೈಕಿ ಒಂದರ ಕಥೆ ಸ್ವಾರಸ್ಯವಾದುದು. ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ಆಂಗ್ಲ ರೈತರು ಕೆಂಪು ಕ್ಲೋವರ್ ಬಿತ್ತಿದರೂ ಬೀಜ ಸರಿಯಾಗಿ ಕಟ್ಟುತ್ತಿರಲಿಲ್ಲ. ಅದರ ಆಳವಾದ ಹೂಗೊಳವೆಗೆ ನಾಲಿಗೆ ಇಳಿಸಬಲ್ಲ ದುಂಬಿ ಅಲ್ಲಿರಲಿಲ್ಲ. 1885ರಲ್ಲಿ ಇಂಗ್ಲೆಂಡಿನಿಂದ ಬಂಬಲ್ ರಾಣಿಗಳನ್ನು ಹಡಗಿನ ಶೀತಲ ಕೋಣೆಯಲ್ಲಿ ಸಾಗಿಸಿ ಅಲ್ಲಿ ಬಿಡಲಾಯಿತು. ಬೀಜ ಕಟ್ಟತೊಡಗಿತು. ಹೀಗೆ ಹೋದ ಜಾತಿಗಳಲ್ಲಿ ಒಂದಾದ ಬಾಂಬಸ್ ಸಬ್‌ಟರೇನಿಯಸ್ ತವರಿನಲ್ಲಿ 1988ರ ನಂತರ ಕಾಣಿಸಲಿಲ್ಲ, 2000ದಲ್ಲಿ ಅಲ್ಲಿ ನಶಿಸಿತೆಂದು ಘೋಷಿಸಲಾಯಿತು. ಆದರೆ ನ್ಯೂಜಿಲೆಂಡಿನಲ್ಲಿ ಅದರ ಸಂತತಿ ಉಳಿದುಕೊಂಡಿದೆ.

ಹಸಿರು ತಾರಸಿಯ ರಚನೆ

ಕುಂಡಗಳಲ್ಲಿ ತರಕಾರಿ ಬೆಳೆಯುವ ತಾರಸಿ ತೋಟಕ್ಕೂ ಇದಕ್ಕೂ ವ್ಯತ್ಯಾಸವಿದೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕಂಡವರಿಗೆ ಇದರ ಕಲ್ಪನೆ ಬೇಗ ಬರುತ್ತದೆ. ಅಲ್ಲಿ ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಬೆಳೆಯುವ ಹುಲ್ಲು ಕಸವನ್ನು ಸೋರಿಕೆಯ ಭಯದಿಂದ ಕಿತ್ತು ತೆಗೆಯುತ್ತಾರೆ. ಹಸಿರು ತಾರಸಿಯಲ್ಲಿ ಅದನ್ನೇ ಬೇಕೆಂದು ಬೆಳೆಸುವುದು. ಅದಕ್ಕಾಗಿ ಮೊದಲು ನೀರು ಇಳಿಯದ ಹಾಸು, ಅದರ ಮೇಲೆ ಬೇರು ತೂರದ ಹಾಸು, ಬಳಿಕ ನೀರು ಬಸಿದುಹೋಗುವ ಪದರ, ಮಣ್ಣು ಕೊಚ್ಚಿಹೋಗದಂತೆ ಸೋಸುವ ಬಟ್ಟೆ, ಎಲ್ಲಕ್ಕೂ ಮೇಲೆ ಮಣ್ಣಿನ ಮಿಶ್ರಣ ಎಂದು ಕ್ರಮವಾಗಿ ಹಾಕುತ್ತಾರೆ. ಈ ಮಿಶ್ರಣದಲ್ಲಿ ಹೊಲದ ಮಣ್ಣು ಬಹಳ ಕಡಿಮೆ. ಪುಡಿಮಾಡಿದ ಇಟ್ಟಿಗೆ, ಹಗುರ ಕಲ್ಲಿನ ಚೂರು, ಸುಟ್ಟು ಉಬ್ಬಿಸಿದ ಜೇಡಿಯ ಗುಳಿಗೆಗಳೇ ಹೆಚ್ಚು. ಕಳಿತ ಗೊಬ್ಬರ ಸುಮಾರು ಐದರಲ್ಲೊಂದು ಭಾಗ ಅಥವಾ ಅದಕ್ಕೂ ಕಡಿಮೆ.

ಇಷ್ಟು ಬಡ ಮಣ್ಣು ಏಕೆ ಎಂದು ರೈತರು ಕೇಳಬಹುದು. ಸಾರವತ್ತಾದ ಮಣ್ಣಿನಲ್ಲಿ ಹುಲ್ಲು ಸೊಕ್ಕಿ ಬೆಳೆದು ಹೂಗಿಡಗಳನ್ನು ಮುಚ್ಚಿಬಿಡುತ್ತದೆ. ಹುಲ್ಲುಗಾವಲಿನಲ್ಲಿ ಗೊಬ್ಬರ ಮಾಡಿದ್ದೂ ಅದನ್ನೇ. ಲಂಡನ್ನಿನ ಪೂರ್ವಕ್ಕೆ ಥೇಮ್ಸ್ ನದಿಯ ಅಳಿವೆಯಲ್ಲಿ ಕ್ಯಾನ್ವೆ ವಿಕ್ ಎಂಬ ಸ್ಥಳವಿದೆ. ತೈಲ ಶುದ್ಧೀಕರಣದ ಕಾರ್ಖಾನೆಗೆಂದು ಸಿದ್ಧಮಾಡಿ ಕೈಬಿಟ್ಟ ಆ ಹಾಳುನೆಲದಲ್ಲಿ ಅಪರೂಪದ ಬಂಬಲ್ ಜಾತಿಗಳು ನೆಲೆಸಿರುವುದು ಕಂಡುಬಂದು, 2005ರಲ್ಲಿ ಅದನ್ನು ರಕ್ಷಿತ ಸ್ಥಳವನ್ನಾಗಿ ಮಾಡಲಾಯಿತು. ಲಂಡನ್ನಿನ ಹಲವು ತಾರಸಿಗಳ ಮೇಲೆ ಇಟ್ಟಿಗೆ, ಗಾರೆಯ ಚೂರು ಹರಡಿ ಹೂ ಬೆಳೆಸುವುದು ಇಂತಹ ಹಾಳುನೆಲಗಳನ್ನು ನೋಡಿ ಕಲಿತದ್ದು.

ಜ್ಯೂರಿಕ್ ನಗರಕ್ಕೆ ಕುಡಿಯುವ ನೀರು ಒದಗಿಸುವ ಮೂಸ್ ಎಂಬಲ್ಲಿನ ಶೋಧನಾಗಾರದ ಮಾಳಿಗೆಗಳು ಇದಕ್ಕೆ ಹಳೆಯ ನಿದರ್ಶನ. 1914ರಲ್ಲಿ ಕಟ್ಟುವಾಗ ಒಳಗಿನ ನೀರು ತಂಪಾಗಿರಲೆಂದು ಮರಳು ಜಲ್ಲಿಯ ಮೇಲೆ ಸುಮಾರು 15ರಿಂದ 20 ಸೆಂ.ಮೀ. ಸ್ಥಳೀಯ ಮೇಲ್ಮಣ್ಣನ್ನು ಹರಡಿದರು. ಮಣ್ಣಿನಲ್ಲಿದ್ದ ಬೀಜಗಳು ಮೊಳೆತವು. ಸುತ್ತಲಿನ ಹುಲ್ಲುಗಾವಲುಗಳು ಕಾಲಕ್ರಮದಲ್ಲಿ ಮಾಯವಾದರೂ ಮಾಳಿಗೆಯ ಮೇಲೆ ಒಂಬತ್ತು ಬಗೆಯ ಸೀತಾಳೆ ಸಸ್ಯಗಳೂ ಸೇರಿ ಸುಮಾರು 175 ಜಾತಿಯ ಗಿಡಗಳು ಉಳಿದವು. ಅವುಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿರುವ ಒಂದು ಸೀತಾಳೆಯ ಪರಾಗಸ್ಪರ್ಶ ನಡೆಯುವುದು ಹೆಚ್ಚಾಗಿ ವಸಂತದಲ್ಲಿ ಹಾರುವ ಬಂಬಲ್ ರಾಣಿಗಳಿಂದ. ಅದೇ ದೇಶದ ಬಾಸೆಲ್ ನಗರದಲ್ಲಿ 2002ರಿಂದ ಹೊಸದಾಗಿ ಕಟ್ಟುವ ಮತ್ತು ದುರಸ್ತಿ ಮಾಡುವ ಚಪ್ಪಟೆ ತಾರಸಿಗಳಿಗೆ ಹಸಿರು ಹೊದಿಕೆ ಕಡ್ಡಾಯವಾಗಿದೆ. ಅಲ್ಲಿನ ವಿಜ್ಞಾನಿ ಸ್ಟೀಫನ್ ಬ್ರೆನೈಸನ್ ಅವರು, ಮಣ್ಣನ್ನು ಒಂದೇ ಮಟ್ಟದಲ್ಲಿ ಹರಡದೆ ದಿಣ್ಣೆ ತಗ್ಗುಗಳಾಗಿ ಹಾಕಿದರೆ ಕೀಟಗಳ ಬಗೆಗಳು ಹೆಚ್ಚುತ್ತವೆ ಎಂಬುದನ್ನು ಎತ್ತಿ ತೋರಿಸಿದವರು.

ಹೂವನ್ನು ಆರಿಸುವ ಬಗೆ

ಈಗಿನ ಹಸಿರು ತಾರಸಿಗಳಲ್ಲಿ ಬಹಳಷ್ಟು ಸೀಡಮ್ ಎಂಬ ರಸಭರಿತ ಎಲೆಯ ಗಿಡದ್ದು. ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸಿಬಿಡಬಹುದು. ಎರಡು ಮೂರು ಬೆರಳು ಮಣ್ಣು ಸಾಕು, ನೀರು ಬೇಡ, ತೂಕ ಕಡಿಮೆ. ಕಟ್ಟುವವರಿಗೆ ಇದು ಅನುಕೂಲ. ಆದರೆ ಇದರ ಹೂ ಮುಖ್ಯವಾಗಿ ಜೂನ್, ಜುಲೈ ತಿಂಗಳುಗಳಲ್ಲಿ ಮಾತ್ರ. ಆಗ ಕೆಂಪು ಬಾಲದ ಬಂಬಲ್ ಮುಂತಾದ ಗಿಡ್ಡ ನಾಲಿಗೆಯ ದುಂಬಿಗಳು ಮುತ್ತುತ್ತವೆ. ಅದಕ್ಕೆ ಮೊದಲು ಮತ್ತು ಆಮೇಲೆ ಅಲ್ಲಿ ಏನೂ ಇರುವುದಿಲ್ಲ. ಸೀಡಮ್ ಒಂದನ್ನೇ ಹಾಸಿದ ತಾರಸಿಯನ್ನು ದುಂಬಿಯ ತಾರಸಿ ಎಂದು ಕರೆಯುವುದು, ಒಂದೇ ತಿಂಗಳು ಮೇವಿರುವ ಗೋಮಾಳವನ್ನು ವರ್ಷದ ಮೇವಿಗೆ ನಂಬಿದಂತೆ.

ಆದ್ದರಿಂದ ಮಣ್ಣಿನ ಆಳ, ದುಂಬಿಯ ನಾಲಿಗೆ, ಹೂ ಬಿಡುವ ಕಾಲ ಇವನ್ನು ಒಟ್ಟಿಗೆ ನೋಡಿ ಆರಿಸಬೇಕಾಗುತ್ತದೆ.

ಆಳವನ್ನು ನಿರ್ಧರಿಸುವುದು ಕಟ್ಟಡದ ಬಲ. ನೀರು ಕುಡಿದ ಮಿಶ್ರಣವು ಲೀಟರಿಗೆ ಸುಮಾರು 1.2ರಿಂದ 1.5 ಕಿ.ಗ್ರಾಂ. ತೂಗುತ್ತದೆ ಎಂದು ಇಟ್ಟುಕೊಳ್ಳೋಣ. 10 ಸೆಂ.ಮೀ. ದಪ್ಪಕ್ಕೆ ಒಂದು ಚದರ ಮೀಟರಿನಲ್ಲಿ 100 ಲೀಟರು ಹಿಡಿಯುತ್ತದೆ, ಅಂದರೆ 120ರಿಂದ 150 ಕಿ.ಗ್ರಾಂ. ಭಾರ. 20 ಸೆಂ.ಮೀ. ಹಾಕಿದರೆ ಇದರ ಎರಡರಷ್ಟು. ತಾರಸಿಯ ಉದ್ದಗಲಕ್ಕೂ ಇಷ್ಟು ಹೇರುವುದು ಸಾಧ್ಯವಾಗದಿದ್ದರೆ ಕಂಬ, ತೊಲೆಗಳು ಬರುವ ಕಡೆ ಮಾತ್ರ 15ರಿಂದ 20 ಸೆಂ.ಮೀ. ದಿಣ್ಣೆ ಮಾಡಿ, ಉಳಿದ ಕಡೆ 8ರಿಂದ 10 ಸೆಂ.ಮೀ. ಹರಡುವುದು ರೂಢಿ. ಇಂಜಿನಿಯರರ ಲೆಕ್ಕವಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಮೇಲಕ್ಕೆ ಏರಿಸಬಾರದು.

8ರಿಂದ 10 ಸೆಂ.ಮೀ. ಮಣ್ಣಿನಲ್ಲಿ ಬಾಳುವ ಹೂಗಳ ಪೈಕಿ ಬರ್ಡ್ಸ್‌ಫುಟ್ ಟ್ರೆಫಾಯಿಲ್ ಮೊದಲನೆಯದು. ಇದು ದ್ವಿದಳ ಜಾತಿಯದು, ನೆಲಕ್ಕೆ ಹಬ್ಬುತ್ತದೆ, ಮೇ ತಿಂಗಳಿನಿಂದ ಹಳದಿ ಹೂ ಬಿಡಲು ಪ್ರಾರಂಭಿಸಿ ಹಲವು ತಿಂಗಳು ಮುಂದುವರಿಸುತ್ತದೆ. ಭಾರವಾದ ದುಂಬಿ ಕುಳಿತಾಗ ದಳ ಕೆಳಗೆ ಒತ್ತಿ, ಪರಾಗವು ಶಾವಿಗೆ ಒರಳಿನಿಂದ ಎಳೆ ಬಂದಂತೆ ತುದಿಯಿಂದ ಹೊರಬರುತ್ತದೆ. ಬೇಳೆಕಾಳುಗಳ ಹಾಗೆ ದ್ವಿದಳ ಸಸ್ಯಗಳ ಪರಾಗದಲ್ಲಿಯೂ ಸಸಾರಜನಕ ಹೆಚ್ಚು. ಮರಿ ಬೆಳೆಸಲು ದುಂಬಿಗೆ ಬೇಕಾದುದು ಇದು. ಕಿಡ್ನಿ ವೆಚ್ ಎಂಬ ಇನ್ನೊಂದು ದ್ವಿದಳ ಸಸ್ಯವೂ ತೆಳು ಮಣ್ಣಿನಲ್ಲಿ ಬರುತ್ತದೆ. ಕಾಡು ಥೈಮ್ ನಮ್ಮ ತುಳಸಿಯ ಕುಲದ ಸಣ್ಣ ಗಿಡ. ಬೇಸಿಗೆಯಲ್ಲಿ ಇದರ ಹೂಹಾಸು ಗಿಡ್ಡ ನಾಲಿಗೆಯ ದುಂಬಿಗಳಿಗೆ ಬಹಳ ಇಷ್ಟ. ಮಾರ್ಜೋರಮ್ ನಮ್ಮ ಹೂಮಾಲೆಯ ಮರುಗಕ್ಕೆ ಒಡಹುಟ್ಟು. ಜುಲೈ, ಆಗಸ್ಟ್ ತಿಂಗಳ ಹೂವು. 10 ಸೆಂ.ಮೀ.ಗಿಂತ ತುಸು ಹೆಚ್ಚು ಮಣ್ಣು ಸಿಕ್ಕಿದರೆ ಚೆನ್ನಾಗಿ ಬರುತ್ತದೆ.

ಒಂದೇ ಒಂದು ಹೂವನ್ನು ಹೆಸರಿಸಿ ಎಂದರೆ ವೈಪರ್ಸ್ ಬ್ಯೂಗ್ಲಾಸ್ ಎಂದು ಹೇಳಬೇಕಾದೀತು. ಶಾಸ್ತ್ರೀಯವಾಗಿ ಇದು ಎಕಿಯಂ ವಲ್ಗೇರ್. ನಮ್ಮ ಕೆರೆಯಂಗಳದ ಚೇಳುಕೊಂಡಿ ಗಿಡದ ಹಾಗೆ ಇದರ ಹೂತೆನೆಯೂ ಚೇಳಿನ ಬಾಲದಂತೆ ಸುರುಳಿ ಸುತ್ತಿರುತ್ತದೆ. ನೀಲಿ ಹೂಗಳು ಒಂದಾದ ಮೇಲೆ ಒಂದರಂತೆ ವಾರಗಟ್ಟಲೆ ಅರಳುತ್ತವೆ. ಮಕರಂದ ಹೂವಿನ ಒಳಭಾಗದಲ್ಲಿರುವುದರಿಂದ ಮಳೆಗೆ ಬೇಗ ತೊಳೆದುಹೋಗದು, ಬಿಸಿಲಿಗೆ ಬೇಗ ಒಣಗದು. ಇಟ್ಟಿಗೆ ಚೂರಿನ ನಡುವೆಯೂ ಬೇರಿಳಿಸುತ್ತದೆ. ಆದರೆ ಇದು ಎರಡು ವರ್ಷದ ಗಿಡ. ಮೊದಲ ವರ್ಷ ನೆಲಕ್ಕೆ ಅಂಟಿದ ಎಲೆಯ ಚಕ್ರ, ಎರಡನೆಯ ವರ್ಷ ಹೂ, ಅನಂತರ ಸಾವು. ಉದುರಿದ ಬೀಜ ಮೊಳೆಯಲು ಅಲ್ಲಲ್ಲಿ ಬರಿಯ ನೆಲ ಬೇಕು. ಬೋಳು ಜಾಗ ಕಂಡರೆ ಸಾಕು ಏನನ್ನಾದರೂ ನೆಟ್ಟು ಮುಚ್ಚಬೇಕೆನ್ನುವವರ ತಾರಸಿಯಲ್ಲಿ ಇದು ಮೂರನೆಯ ವರ್ಷಕ್ಕೆ ಇರುವುದಿಲ್ಲ.

15ರಿಂದ 20 ಸೆಂ.ಮೀ. ದಿಣ್ಣೆಗಳಲ್ಲಿ ಕೆಂಪು ಕ್ಲೋವರ್, ಸ್ಕೇಬಿಯಸ್, ನ್ಯಾಪ್‌ವೀಡ್, ಸೆಲ್ಫ್‌ಹೀಲ್ ಇವನ್ನು ಹಾಕಬಹುದು. ನ್ಯಾಪ್‌ವೀಡ್ ನಮ್ಮ ಕುಸುಬೆಯ ಹತ್ತಿರದ ನೆಂಟ. ಅದರ ಹೂದಲೆಯನ್ನು ನೋಡಿದರೆ ಸಂಬಂಧ ಗೊತ್ತಾಗುತ್ತದೆ.

ಇನ್ನು ನಾಲಿಗೆಯ ಮಾತು. ಬ್ರಿಟನ್ನಿನಲ್ಲಿ ಸಾಮಾನ್ಯವಾದ ಬಾಂಬಸ್ ಟೆರೆಸ್ಟ್ರಿಸ್ ಜಾತಿಯ ನಾಲಿಗೆ ಸುಮಾರು 8 ಮಿ.ಮೀ. ಬಾಂಬಸ್ ಹಾರ್ಟೋರಮ್ ಜಾತಿಯದು 12 ಮಿ.ಮೀ.ಗೂ ಹೆಚ್ಚು. ಕೆಂಪು ಕ್ಲೋವರಿನ ಹೂಗೊಳವೆ ಸುಮಾರು 1 ಸೆಂ.ಮೀ. ಆಳ. ಉದ್ದ ನಾಲಿಗೆಯದು ಅದರಲ್ಲಿ ನೇರವಾಗಿ ಮಕರಂದ ಹೀರುತ್ತದೆ. ಗಿಡ್ಡ ನಾಲಿಗೆಯದು ಇಂತಹ ಆಳದ ಹೂಗಳ ಬುಡವನ್ನು ಹೊರಗಿನಿಂದ ಕಚ್ಚಿ ತೂತು ಮಾಡಿ ಕದಿಯುವುದುಂಟು. ಆಗ ಹೂವಿಗೆ ಪರಾಗಸ್ಪರ್ಶದ ಲಾಭವಿಲ್ಲ. ಬ್ರಿಟನ್ನಿನಲ್ಲಿ ಹೆಚ್ಚು ಕ್ಷೀಣಿಸಿರುವುದು ಉದ್ದ ನಾಲಿಗೆಯ ಜಾತಿಗಳೇ. ಚಪ್ಪಟೆಯಾದ ತೆರೆದ ಹೂಗಳನ್ನಷ್ಟೇ ಬಿತ್ತಿದರೆ ಈಗಾಗಲೇ ಹೇರಳವಾಗಿರುವ ದುಂಬಿಗಳಿಗೆ ಊಟ ಹಾಕಿದಂತಾಯಿತು. ಕಷ್ಟದಲ್ಲಿರುವವುಗಳಿಗೆ ದ್ವಿದಳ ಸಸ್ಯಗಳು ಮತ್ತು ತುಂಬೆಯ ಕುಲದ ಕೊಳವೆ ಹೂಗಳು ಅವಶ್ಯ.

ಕಾಲದ ವಿಚಾರದಲ್ಲಿ ತಾರಸಿಗೆ ಎರಡು ಇಕ್ಕಟ್ಟುಗಳಿವೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಿದ್ರೆಯಿಂದೆದ್ದ ರಾಣಿ ಪರಾಗ ತಿಂದರಷ್ಟೇ ಅದರ ಅಂಡಾಶಯ ಬಲಿಯುವುದು. ಆ ಕಾಲಕ್ಕೆ ತಾರಸಿಯ ಕಾಡುಹೂಗಳಲ್ಲಿ ಹೆಚ್ಚಿನವು ಇನ್ನೂ ಎಲೆಯ ಹಂತದಲ್ಲಿರುತ್ತವೆ. ದಿಣ್ಣೆಯ ಮೇಲೆ ಕೌಸ್ಲಿಪ್, ಡೆಡ್‌ನೆಟಲ್ ಗಿಡಗಳನ್ನೂ, ಕಾಶ್ಮೀರದ ಕೇಸರಿಯ ಬಳಗದ ಕ್ರೋಕಸ್ ಗೆಡ್ಡೆಗಳನ್ನೂ ನೆಟ್ಟು ಸ್ವಲ್ಪ ಮಟ್ಟಿಗೆ ಈ ಕೊರತೆ ತುಂಬಬಹುದು. ಆದರೂ ವಸಂತದ ಮೇವಿಗೆ ಕೆಳಗೆ ನೆಲದ ಮೇಲಿನ ವಿಲ್ಲೋ ಮರಗಳಿಗೆ ಸಾಟಿಯಿಲ್ಲ. ಎರಡನೆಯ ಇಕ್ಕಟ್ಟು ಜುಲೈ ನಂತರದ್ದು. ಒಂದೆರಡು ವಾರ ಮಳೆ ತಪ್ಪಿದರೆ ತೆಳು ಮಣ್ಣಿನ ಹೂಗಳು ಬಾಡಿಬಿಡುತ್ತವೆ. ಹೊಸ ರಾಣಿಗಳು ಚಳಿಗಾಲದ ನಿದ್ರೆಗಾಗಿ ಮೈಯಲ್ಲಿ ಕೊಬ್ಬು ಕೂಡಿಡುವ ಸಮಯ ಇದೇ. ಮಾರ್ಜೋರಮ್, ನ್ಯಾಪ್‌ವೀಡ್, ಸ್ಕೇಬಿಯಸ್‌ಗಳನ್ನು ದಿಣ್ಣೆಯ ಮೇಲೆ, ಅದರಲ್ಲಿಯೂ ನೆರಳು ಬೀಳುವ ಮಗ್ಗುಲಿನಲ್ಲಿ ಹಾಕಬೇಕೆನ್ನುವುದು ಇದಕ್ಕೇ. ಅಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ.

ಬಿತ್ತನೆ ಮತ್ತು ಪಾಲನೆ

ಬೀಜವನ್ನು ಸೆಪ್ಟೆಂಬರ್-ಅಕ್ಟೋಬರ್ ಅಥವಾ ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ, ಚದರ ಮೀಟರಿಗೆ 1ರಿಂದ 3 ಗ್ರಾಂ. ಲೆಕ್ಕದಲ್ಲಿ ಒಣ ಮರಳಿನೊಡನೆ ಬೆರೆಸಿ ಚೆಲ್ಲುತ್ತಾರೆ. ರಾಗಿ ಚೆಲ್ಲಿ ಬಿತ್ತುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಣ್ಣು ಮುಚ್ಚದೆ ಮೆಲ್ಲಗೆ ಅದುಮಿದರೆ ಸಾಕು. ಪೊಟ್ಟಣದ ಮೇಲೆ ಕಾಡುಹೂ ಎಂದು ಬರೆದಿದ್ದರೂ ಒಳಗಿರುವುದು ಗಸಗಸೆ ಕುಲದ ಪಾಪಿ, ಕಾರ್ನ್‌ಫ್ಲವರ್ ಮುಂತಾದ ಒಂದು ವರ್ಷದ ಹೊಲಗಳೆಗಳಾಗಿರುವುದುಂಟು. ಪ್ರತಿವರ್ಷ ಉಳುವ ನೆಲ ಇವುಗಳಿಗೆ ಬೇಕು. ತಾರಸಿಯಲ್ಲಿ ಮೊದಲ ಬೇಸಿಗೆ ಕಣ್ಣಿಗೆ ಹಬ್ಬವಾಗಿ, ಅನಂತರ ಕ್ಷೀಣಿಸಿಬಿಡುತ್ತವೆ. ಆದ್ದರಿಂದ ಜಾತಿಗಳ ಪಟ್ಟಿ ಓದದೆ ಪೊಟ್ಟಣ ಕೊಳ್ಳಬಾರದು. ಸಸಿ ತಂದು ನೆಡುವವರು ಅದಕ್ಕೆ ಕೀಟನಾಶಕ ಹಾಕಿದೆಯೇ ಎಂದು ವಿಚಾರಿಸುವುದು ಅಗತ್ಯ. ದುಂಬಿಗಳಿಗೆ ಒಳ್ಳೆಯದೆಂದು ಅಂಗಡಿಗಳಲ್ಲಿ ಮಾರುತ್ತಿದ್ದ ಹೂಗಿಡಗಳನ್ನು ಸಸೆಕ್ಸ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚಿನ ಗಿಡಗಳಲ್ಲಿ ನಿಯೋನಿಕೋಟಿನಾಯ್ಡ್ ವರ್ಗದ ಕೀಟನಾಶಕದ ಅಂಶ ಕಂಡುಬಂದಿತ್ತು.

ಮೊದಲ ಬೇಸಿಗೆಯಲ್ಲಿ ಬರ ಬಿದ್ದರೆ ನೀರು ಕೊಡಬೇಕು. ಗೊಬ್ಬರ ಕೂಡದು. ಹೂ ಮುಗಿದು ಬೀಜ ಉದುರಿದ ಮೇಲೆ ಒಮ್ಮೆ ಕೊಯ್ದು, ಕೊಯ್ದದ್ದನ್ನು ಕೆಳಕ್ಕೆ ಸಾಗಿಸಬೇಕು. ಅಲ್ಲಿಯೇ ಕೊಳೆಯಲು ಬಿಟ್ಟರೆ ಮಣ್ಣಿಗೆ ಸಾರ ಕೂಡಿ ಹುಲ್ಲು ಏಳುತ್ತದೆ. ಗಾಳಿಯಲ್ಲಿ ಬಂದು ಬೀಳುವ ಬರ್ಚ್, ವಿಲ್ಲೋ, ಬಡ್ಲಿಯ ಬೀಜಗಳ ಸಸಿಗಳನ್ನು ಬೇರು ಇಳಿಯುವ ಮೊದಲೇ ಕೀಳಬೇಕು.

ತಾರಸಿಯ ಎತ್ತರ ಹೆಚ್ಚಿದಂತೆ ಗಾಳಿಯ ಹೊಡೆತವೂ ಹೆಚ್ಚಿ ಬರುವ ದುಂಬಿಗಳು ಕಡಿಮೆಯಾಗುತ್ತವೆ. ಹತ್ತಾರು ಅಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಹೂ ಬೆಳೆಸುವ ಹಣದಲ್ಲಿ ಎರಡು ಮೂರು ಅಂತಸ್ತಿನ ಶಾಲೆ, ಉಗ್ರಾಣಗಳ ತಾರಸಿಗಳನ್ನು ಆರಿಸುವುದು ಮೇಲು. ಸುತ್ತಮುತ್ತ ಕೆಲವು ನೂರು ಮೀಟರುಗಳೊಳಗೆ ತೋಟವೋ ಹುಲ್ಲುಗಾವಲೋ ಇದ್ದರೆ ಇನ್ನೂ ಒಳ್ಳೆಯದು.

ನಮ್ಮವರಿಗೆ ಒಂದು ಎಚ್ಚರಿಕೆ

ಇದನ್ನು ಓದಿ ಹೊರದೇಶದಲ್ಲಿರುವ ಬಂಧುಗಳಿಂದ ಈ ಹೂಗಳ ಬೀಜ ತರಿಸುವ ಆಸೆ ಯಾರಿಗಾದರೂ ಬಂದರೆ ಕೂಡಲೇ ಬಿಡಬೇಕು. ಸಸ್ಯಗಳ ಆಮದನ್ನು ನಿಯಂತ್ರಿಸುವ 2003ರ ಆದೇಶದ ಪ್ರಕಾರ ಅನುಮತಿ ಪತ್ರ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರಗಳಿಲ್ಲದೆ ಬಿತ್ತನೆ ಬೀಜ ತರುವಂತಿಲ್ಲ. ವೈಪರ್ಸ್ ಬ್ಯೂಗ್ಲಾಸಿನ ಸೋದರ ಜಾತಿಯೊಂದು ಅಲಂಕಾರದ ಹೂವಾಗಿ ಆಸ್ಟ್ರೇಲಿಯಕ್ಕೆ ಹೋಗಿ ಗೋಮಾಳಗಳನ್ನೆಲ್ಲ ಆಕ್ರಮಿಸಿತು. ಅದನ್ನು ಹೆಚ್ಚಾಗಿ ತಿಂದ ಕುದುರೆ, ಹಂದಿಗಳ ಯಕೃತ್ತು ಕೆಡುತ್ತದೆ. ಪಾರ್ಥೇನಿಯಂ ಕಂಡ ನಮಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಬಂಬಲ್ ದುಂಬಿ ಗಾಜಿನ ಮನೆಯಲ್ಲಿ ಮಾಡುವ ನಡುಗಿಸುವ ಕೆಲಸವನ್ನು ನಮ್ಮ ಟೊಮೇಟೊ, ಬದನೆ ಹೊಲಗಳಲ್ಲಿ ನೀಲಿ ಪಟ್ಟೆಯ ದುಂಬಿ ಮತ್ತು ಮರ ಕೊರೆಯುವ ಕರಿದುಂಬಿಗಳು ಮಾಡುತ್ತವೆ. ಇವುಗಳಿಗೂ ಬೆಳೆ ಹೂ ಬಿಡದ ತಿಂಗಳುಗಳಲ್ಲಿ ಮೇವು ಬೇಕು. ಬದುಗಳ ಮೇಲಿನ ತುಂಬೆ, ಆವರಿಕೆ, ಸಾಲಿನಲ್ಲಿ ಹಾಕುವ ತೊಗರಿ, ಹುಚ್ಚೆಳ್ಳು ಇವು ಯಾವ ಯಾವ ತಿಂಗಳು ಅರಳುತ್ತವೆ, ನಡುವೆ ಬರಿದಾಗುವ ತಿಂಗಳು ಯಾವುದು ಎಂದು ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಗೆ ಒಂದು ಪಟ್ಟಿ ಬರೆದು ನೋಡಬಹುದು. ನೀಲಿ ಪಟ್ಟೆಯ ದುಂಬಿ ಗೂಡು ಕೊರೆಯುವುದು ಮೆತ್ತನೆಯ ಮಣ್ಣಿನಲ್ಲಿ, ಹಳೆಯ ಮಣ್ಣುಗೋಡೆ ಮತ್ತು ಬದುವಿನ ಕಡಿದಾದ ಮಗ್ಗುಲಿನಲ್ಲಿ. ಬದು ಸರಿಪಡಿಸುವಾಗ ಸಣ್ಣ ತೂತುಗಳಿರುವ ಅಂತಹ ಭಾಗ ಕಂಡರೆ ಅದನ್ನು ಹಾಗೆಯೇ ಬಿಡಬೇಕು.